ಮಾವನವರ ಗುಂಡಿಗಳು

ಮಾವನವರೆ,

ಬಗ್ಗಿ ಶರಣು ಮಾಡಬೇಕೆಂದರೆ ಇವತ್ತು ಸೊಂಟ ಕೇಳುತ್ತಿಲ್ಲ. ಕುಳಿತಲ್ಲಿಂದಲೇ ಶರಣು, ಒಪ್ಪಿಸಿಕೊಳ್ಳಿರಿ. ನೀವಿದ್ದಿದ್ದರೆ "ಇರ್ಲಿ ಬಿಡವ್ವ, ದೇವ್ರೇನ್ ಸ್ವಾಂಟ ನೋಡ್ತಾನ?" ಅನ್ನುತ್ತಿದ್ದಿರಿ. ನಿಮಗೆ ಉರ್ದು ಸಲೀಸು. ಕನ್ನಡವೆಂದರೆ ಒಂದೊಂದು ಅಕ್ಷರವನ್ನೂ ಕೈ ಹಿಡಿದು ನಡೆಸಬೇಕಿತ್ತು. ಸೆರಗು ಹೊದ್ದು ಬಾಗಿಲ ಮರೆಯಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದವಳು ನಾನೇ. ಈಗ ಇದನ್ನು ಅಲ್ಲಿ ಯಾರ ಕೈಲಿ ಓದಿಸಿಕೊಳ್ಳುತ್ತೀರೋ... ಅತ್ತೆಯವರಿಗೂ ಓದು ಬರುತ್ತಿರಲಿಲ್ಲವಂತೆ. ಇರಲಿ. ನಿಮಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ಅದಕ್ಕೆ ಮೊದಲು ನನ್ನ ಜಗಳ ಸ್ವಲ್ಪ ಉಳಿದಿದೆ, ಅದನ್ನೂ ಕೇಳಿಸಿಕೊಳ್ಳಿರಿ.

ಕೊಡಂಬಲದಿಂದ ನಿಮ್ಮ ಸೊಸೆಯಾಗಿ ಬಸವಕಲ್ಯಾಣಕ್ಕೆ ಬಂದ ದಿನ, ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದವಳು ಪಡಸಾಲೆ ದಾಟುವುದರೊಳಗೆ ಬೀಸುವ ಕಲ್ಲಿಗೆ ಎಡವಿದೆ. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ಪಡಸಾಲೆಯ ನಟ್ಟನಡುವೆ ಬೀಸುವ ಕಲ್ಲು ಇಟ್ಟ ಮನೆಯನ್ನು ನಾನು ಅದೇ ಮೊದಲು ನೋಡಿದ್ದು. ಎಲ್ಲರ ಮನೆಯಲ್ಲೂ ಅದು ಗೋಡೆಯ ಮಗ್ಗುಲಲ್ಲಿರುತ್ತದೆ; ಬೀಸುವವಳು ದಣಿದರೆ ಬೆನ್ನು ಆನಿಸಲಿ ಅಂತ. ಕೆಲವು ದಿನ ನೋಡಿದೆ. ಆಮೇಲೆ ನೀವು ಅಂಗಡಿಗೆ ಹೋದ ಹೊತ್ತು ನೋಡಿ ಅದನ್ನು ಗೋಡೆಗೆ ತಳ್ಳಿಬಿಟ್ಟೆ. ಮಧ್ಯಾಹ್ನ ಊಟಕ್ಕೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿರಿ. ಬೈಯಲಿಲ್ಲ. ತಲೆಯ ಪಟಕಾ ತೆಗೆದಿಟ್ಟು, ನೀವೇ ಬಗ್ಗಿ, ಕಲ್ಲನ್ನು ಮತ್ತೆ ನಡುವಿಗೆ ಎಳೆದಿರಿ.

"ಯಾಕ್ರಿ ಮಾವಾರ?" ಅಂದೆ.

"ಗ್ವಾಡಿ ಬಲ್ಲಿ ಕೂತು ಬೀಸಬ್ಯಾಡವ್ವ," ಅಂದಿರಿ. ಅಷ್ಟೇ.

ಅತ್ತೆ ಇಲ್ಲದ ಮನೆ. ಇದ್ದವರು ನೀವು ಮತ್ತು ನಿಮ್ಮ ಮಗ, ಕೇಳುವುದು ಯಾರನ್ನು? ನಮ್ಮ ಬೀದರ್ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಮಳೆಗಾಲದಲ್ಲಿ ಮೋರಖಂಡಿಯ ನಿಮ್ಮ ಸ್ವಂತ ಮನೆ ಬಿದ್ದು ಅತ್ತೆ ಹೋದರೆಂದು ನನಗೆ ಗೊತ್ತಿತ್ತು. ಹೇಗೆ ಹೋದರು ಅಂತ ಯಾರೂ ಹೇಳಿರಲಿಲ್ಲ. ಕಲ್ಲಿನ ವಿಷಯವನ್ನು ನಾನು ಹಿರಿಯರ ಖಯಾಲಿ ಅಂದುಕೊಂಡೆ. ಎಡವುತ್ತಾ, ಬೈದುಕೊಳ್ಳುತ್ತಾ, ಬೆನ್ನಿಗೆ ಆಸರೆಯಿಲ್ಲದೆ ಬೀಸಿದೆ.

ಆ ಬಾಡಿಗೆ ಮನೆಯ ಒಡತಿ ಗುರಮ್ಮ ನಿಮಗೆ ನೆನಪಿರಲೇಬೇಕು. ಮುಂದಿನ ಭಾಗದಲ್ಲಿ ಅವಳು, ಹಿಂದಿನ ಭಾಗದಲ್ಲಿ ನಾವು. ಬಾವಿ ಅವಳದು, ಹಗ್ಗ ಅವಳದು, ಮಾತೂ ಅವಳದೇ. ಹಿರಿಯ ಮಗಳು ಹುಟ್ಟಿದಾಗ ಜೋಳಿಗೆ ಕಟ್ಟಲು ಗೋಡೆಗೊಂದು ಗೂಟ ಹೊಡೆಯಹೋದೆ. "ಏ ನೀಲವ್ವ, ಗ್ವಾಡಿ ನಿಮ್ಮಪ್ಪನ ಮನೀದೇನ?" ಅಂತ ಅಂಗಳದಿಂದಲೇ ಕೂಗಿದಳು. ಬಾಣಂತಿ, ಕಣ್ಣೀರು ಬಂದುಬಿಟ್ಟಿತು. ಬಂಗಾರ ಕೇಳಿದೆನೇ, ಮಹಡಿ ಕೇಳಿದೆನೇ? ಸ್ವಂತದ್ದು ಒಂದು ಗೋಡೆ ಬೇಕಿತ್ತು, ಮಾವನವರೆ. ಮೊಳೆ ಹೊಡೆದರೆ ಯಾರೂ ಕೇಳದ ಗೋಡೆ.

ಮದುವೆಯಾದ ವರ್ಷವೇ ಎಳ್ಳಮಾವಾಸ್ಯೆಗೆ ಮೋರಖಂಡಿಯ ಹೊಲಕ್ಕೆ ಹೋದದ್ದು ನೆನಪಿದೆಯೇ? ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಬಂದು, ದಿನ್ನೆಯ ಮೇಲಿನ ಬೇವಿನ ಗಿಡದ ಕೆಳಗೆ ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿದ್ದೆ. ನೀವು ಒಂದು ಹಿಡಿ ಕರಿ ಮಣ್ಣು ತೆಗೆದು ಅಂಗೈಯಲ್ಲಿ ತಿಕ್ಕಿ ತೋರಿಸಿದಿರಿ. "ನೋಡವ್ವ, ಕಾಡಗಿ ಇದ್ದಂಗ ಅದ. ಈ ಹೊಲದಾಗ ಒಂದು ಹರಳು ತೋರ್ಸಿದ್ರ ಮೀಸಿ ಬೋಳಿಸ್ಕೊಂತೀನಿ." ನಾನು ಹೊಸಬಳು, ಬಾಯಿ ಸುಮ್ಮನಿರಲಿಲ್ಲ. ಸುತ್ತೆಲ್ಲ ಜೋಳ ಆಳೆತ್ತರ, ಗಿಡದ ಸುತ್ತ ಮಾತ್ರ ಮೊಣಕಾಲುದ್ದ.

"ಇಲ್ಲಿ ಯಾಕ ಜ್ವಾಳ ಹಿಂಗ ಸೊರಗ್ಯಾದ್ರಿ?"

"ಬೇವಿನ ನೆಳ್ಳಿಗವ್ವ. ನೆಳ್ಳಿನಾಗ ಬೆಳಿ ಬರಂಗಿಲ್ಲ."

"ಹಂಗಾರ ಈ ಮೂಲ್ಯಾಗ ಒಂದು ಮನಿ ಕಟ್ಟಬಾರ್ದೇನ್ರಿ?"

ನೀವು ರೊಟ್ಟಿ ಕೆಳಗಿಟ್ಟಿರಿ. "ಬಿತ್ತೋ ಭೂಮಿಯಾಗ ಬುನಾದಿ ಹಾಕಬಾರ್ದು. ಅದೂ ಇಂಥಾ ಕರಿ ಎರಿ ಹೊಲದಾಗ ಮನಿ? ಒಮ್ಮಿ ಕಟ್ಟಿ ಕಳಕೊಂಡಿದ್ದೇ ಸಾಕಾಗ್ಯದ." ನಿಮ್ಮ ಮಗ ನನ್ನ ಕಡೆ ಕಣ್ಣು ಬಿಟ್ಟರು. ನಾನು ಮಜ್ಜಿಗೆ ಬಗ್ಗಿಸಲು ಎದ್ದೆ.

ಅದರ ಮುಂದಿನ ಬೇಸಿಗೆ, ಹುಮನಾಬಾದಿನಲ್ಲಿ ಸರಕಾರದ ಒಂದು ಕಚೇರಿ ಕಟ್ಟುವ ಕೆಲಸ ಶುರುವಾಗಿತ್ತು. ಅಂಗಡಿಗೆ ಗುದ್ದಲಿ, ಸಲಿಕೆ, ಹಗ್ಗ ತರಲು ಹೋದ ಅಪ್ಪ ಮಗ ಇಬ್ಬರೂ ಅಲ್ಲಿ ನಿಂತಿರಿ. ಬುನಾದಿಗೆ ಮೊದಲು ನೆಲ ನೋಡಲು ಆಳವಾದ ಗುಂಡಿ ತೋಡಿಸುತ್ತಿದ್ದರಂತೆ, ಒಂದಲ್ಲ, ಮೂಲೆಗೊಂದು. ನೀವು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಓವರ್‌ಸಿಯರನನ್ನು ಕೇಳಿದಿರಿ: "ನಾವು ಮೋರಖಂಡ್ಯಾಗ ಮನಿ ಕಟ್ಟಾಗ ಹಿರ್‍ಯಾರು ಹೇಳಿದಂಗ ನೆಲ ನೋಡೇ ಕಟ್ಟೀವ್ರಿ. ಈಶಾನ್ಯ ಮೂಲ್ಯಾಗ ತೆಗ್ಗ ತೋಡಿ, ಅದೇ ಮಣ್ಣು ತಿರುಗಿ ತುಂಬಿದ್ವಿ. ಕಮ್ಮಿ ಬಿದ್ರ ಮನಿಗಿ ಕೇಡು, ಹೆಚ್ಚಾದ್ರ ಮನಿ ಬೆಳೀತದ ಅಂತ. ನಮ್ದು ದಿಬ್ಬ ಆಗೋವಷ್ಟು ಹೆಚ್ಚಾಗಿತ್ತು. ಊರ ಮಂದಿ ಸಕ್ಕರಿ ಹಂಚ್ಯಾರ. ಆದ್ರೂ ಮನಿ ಯಾಕ ಬಿತ್ತು?"

ಆ ಓವರ್‌ಸಿಯರ ಒಳ್ಳೆಯವನಂತೆ. ನಗಲಿಲ್ಲ. "ಬ್ಯಾಸಗ್ಯಾಗ ತೋಡಿದ್ರೇನ್ರಿ?" ಅಂತ ಕೇಳಿದ. ಹೌದು ಅಂದಿರಿ. "ಎರಿ ಮಣ್ಣು ಬ್ಯಾಸಗ್ಯಾಗ ಹೆಂಟಿ ಹೆಂಟಿ ಏಳ್ತದ್ರಿ ಯಜಮಾನ್ರ. ತಿರುಗಿ ಹಾಕಿದ್ರ ಹೆಚ್ಚಾಗೇ ಆಗ್ತದ. ಆ ಪರೀಕ್ಷಾದಾಗ ಎರಿ ಮಣ್ಣು ಎಂದೂ ನಪಾಸ್ ಆಗಂಗಿಲ್ಲ. ಮಳಿ ಬಿದ್ರ ಉಬ್ಬತದ, ಬಿಸಲಿಗಿ ಬಿರೀತದ. ಮ್ಯಾಲಿನ ಗ್ವಾಡಿ ಎಷ್ಟ್ ವರ್ಷ ತಡೀತದ್ರಿ? ಕೆಳಗ ಗಟ್ಟಿ ಹರಳಿನ ಮುರುಮ ಹತ್ತೋ ತನಕಾ ಹೋಗ್ಬೇಕಿತ್ತು."

ಆ ದಿನ ಮನೆಗೆ ಬಂದು ನೀವು ಊಟ ಮಾಡಲಿಲ್ಲ. ನಾನು ಚಪಾತಿ ಗಟ್ಟಿಯಾದವೇನೋ ಅಂದುಕೊಂಡು ಬೇಜಾರು ಮಾಡಿಕೊಂಡೆ. ಹಣೆಬರಹ ಅಂತ ತಿಳಿದಿದ್ದು ಹಣೆಬರಹವಲ್ಲ, ನೋಡಿದ ರೀತಿಯೇ ತಪ್ಪು ಅಂತ ಗೊತ್ತಾದರೆ ಮನುಷ್ಯನಿಗೆ ಹೇಗಾಗುತ್ತದೆ? ನಿಮ್ಮ ಮಗ ಈ ಮಾತನ್ನೆಲ್ಲ ನನಗೆ ಎಷ್ಟೋ ದಿನ ಆದಮೇಲೆ ಹೇಳಿದರು.

ಅಲ್ಲಿಂದ ಶುರುವಾದವು ನೋಡಿ ನಿಮ್ಮ ಗುಂಡಿಗಳು! ಮನೆ ಕಟ್ಟುವ ಜಾಗ ಎಲ್ಲೇ ಇದೆ ಅನ್ನಲಿ, ತಿಪ್ಪಣ್ಣನನ್ನು ಕರೆದುಕೊಂಡು ಹೊರಡುವುದು. ತಿಪ್ಪಣ್ಣ ಬಾವಿ ತೋಡುವ ಆಳು, ಮಾತಿಗೆ ಮೊದಲು ನಗುವವನು. ಅವನು ಆಳುದ್ದ ತೋಡಬೇಕು, ಮೂಲೆಗೊಂದು. ಆಮೇಲೆ ನೀವು ಅಂಗಿ ಬಿಚ್ಚಿ ಒಳಗೆ ಇಳಿಯಬೇಕು. ಬರಿಗಾಲ ಹಿಮ್ಮಡಿಯಿಂದ ನೆಲ ಗುದ್ದಿ ಕಿವಿ ಕೊಡಬೇಕು. ಕಡೆಗೆ ಒಂದು ಕೊಡ ನೀರು ಸುರಿದು, ಇಂಗುತ್ತದೋ ನಿಲ್ಲುತ್ತದೋ ಅಂತ ಕಾಯಬೇಕು. ಅಲ್ಲಿಗೂ ಮುಗಿಯಲಿಲ್ಲ. "ಒಂದು ಮಳಿಗಾಲ ನೋಡದ ನೆಲ ನಂಬಬಾರ್ದು" ಅಂತ ಗುಂಡಿಯನ್ನು ಹಾಗೇ ಬಿಟ್ಟು ಮಳೆಗಾಲ ದಾಟಿಸಬೇಕು. ಆ ಕೊಡದ ನೀರು ಎಲ್ಲಿಯದು? ಗುರಮ್ಮನ ಬಾವಿಯದು! ಕುಡಿಯಲು ಸೇದಿದ ನೀರನ್ನು ಗುಂಡಿಗೆ ಸುರಿಯುತ್ತಾರೆ ಅಂತ ಅವಳಿಗೆ ತಿಳಿದ ದಿನ ನನ್ನ ಮಾನ ಓಣಿಯಲ್ಲೆಲ್ಲ ಹರಾಜಾಯಿತು. ಪೇಟೆಯಲ್ಲಿ ನಿಮ್ಮನ್ನು ಏನೆನ್ನುತ್ತಿದ್ದರು ಗೊತ್ತೇ? ಗುಂಡಿ ಸಾವಕಾರ್ರು. ನಾನು ಗುಂಡಿ ಸಾವಕಾರ್ರ ಸೊಸೆ. ಬಳೆಗಾರ್ತಿ ಕೂಡ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಕೋಟೆ ಕಡೆಯ ಜಾಗದ ಗುಂಡಿಯಲ್ಲಿ ತಿಪ್ಪಣ್ಣ ಬುಟ್ಟಿಗಟ್ಟಲೆ ಹೊರಹಾಕಿದ್ದು ಬೂದಿ, ಒಡೆದ ಮಡಕೆಯ ಬೋಕಿ, ಮುರುಕು ಇಟ್ಟಿಗೆ. ಎಷ್ಟು ತೋಡಿದರೂ ಅದೇ. ಕಲ್ಯಾಣ ಹಳೆಯ ಊರು, ಒಂದರ ಮೇಲೊಂದು ಮನೆ ಬಿದ್ದು ನೆಲ ಎದ್ದಿದೆ. ನೀವು ಒಂದು ಬೋಕಿ ಹಿಡಿದು ತಿರುಗಿಸಿ ನೋಡಿ, "ಇದು ನೆಲ ಅಲ್ಲೋ ತಿಪ್ಪಣ್ಣ, ಇದು ಮಂದಿ ಬಿಟ್ಟು ಹೋದ ಕಸ. ಇದರ ಮ್ಯಾಲ ನಿಂತ್ರ ನಾವೂ ಕೆಳಗ ಹೋಗ್ತೀವಿ," ಅಂದಿರಂತೆ. ಹೆದ್ದಾರಿ ಮಗ್ಗುಲಿನ ಜಾಗದಲ್ಲಿ ಬರೀ ಎರೆ, ಸುರಿದ ನೀರು ಮರುದಿನ ಹೋದರೂ ಹಾಗೇ ನಿಂತಿತ್ತು. ಬೆಟ್ಟ ಅಗೆದು ಇಲಿ ಹಿಡಿದವರಿಗೆ ಇಲಿಯಾದರೂ ಸಿಕ್ಕಿತು, ನಮಗೆ?

ಹುಮನಾಬಾದಿನ ಜಾಗ ಸಿಕ್ಕ ದಿನ ನೀವು ಜೋಳಿಗೆಯಲ್ಲಿ ಮಣ್ಣು ಕಟ್ಟಿಕೊಂಡೇ ಬಂದಿರಿ. ಹೊಸ್ತಿಲಲ್ಲಿ ನಿಂತು ಬಿಚ್ಚಿ ತೋರಿಸಿದಿರಿ. ಕೆಂಪು, ಹರಳು ಹರಳು. "ನೀಲವ್ವ, ಮುರುಮ! ನಾಕೂ ಮೂಲ್ಯಾಗ ಮುರುಮ. ಹಾರಿ ಹಾಕಿದ್ರ ಕೈ ಝಂ ಅಂತದ." ನಿಮ್ಮ ನಗುವಿನಲ್ಲಿ ಎಡಗಡೆ ಒಂದು ಹಲ್ಲು ಇಲ್ಲ ಅನ್ನುವುದನ್ನು ನಾನು ಗಮನಿಸಿದ್ದೇ ಅವತ್ತು, ಅಷ್ಟು ನಕ್ಕಿದ್ದಿರಿ. ನಾನು ಹೂರಣದ ಹೋಳಿಗೆ ಮಾಡಿದೆ. ಗುರಮ್ಮನಿಗೂ ಕೊಟ್ಟು ಬಂದೆ, ಇನ್ನು ನಿನ್ನ ಗೋಡೆ ನೀನೇ ಇಟ್ಟುಕೋ ಅಂತ ಮನಸ್ಸಿನಲ್ಲೇ ಅಂದುಕೊಂಡು. ಮಳೆಗಾಲ ದಾಟಿತು, ಗುಂಡಿಗಳು ಕದಲಲಿಲ್ಲ. ಬುನಾದಿಗೆ ದಿನ ನೋಡಲು ಐನೋರ ಹತ್ತಿರ ಹೋಗುವುದೊಂದೇ ಉಳಿದಿತ್ತು. ಆಗ ನಿಮಗೆ ಏನು ಹೊಳೆಯಿತೋ... "ನಡುವೊಂದು ನೋಡಿಬಿಡೋಣು," ಅಂದಿರಿ.

ನಡುವೆ ತೋಡುತ್ತಿದ್ದ ತಿಪ್ಪಣ್ಣನ ಹಾರೆ ಸರ್ರನೆ ಒಳಗಿಳಿದು ಹೋಯಿತು. ಯಾವ ಕಾಲದವರೋ ಜೋಳ ತುಂಬಿಟ್ಟು, ಬಾಯಿ ಮುಚ್ಚಿ, ಮರೆತು ಹೋದ ಹಗೇವು. ಒಳಗೆ ಕೊಳೆತು ಕಪ್ಪಾದ ಕಾಳು, ಹೊಟ್ಟೆ ತೊಳಸುವ ನಾತ. ನೀವು ಸಂಜೆ ಮನೆಗೆ ಬಂದು, "ಆ ಜಾಗಾ ಬ್ಯಾಡ," ಅಂದಿರಿ. ನಿಮ್ಮ ಮಗನ ಸಹನೆಯ ಕಟ್ಟೆಯೊಡೆಯಿತು.

"ಕಲ್ಲು ತುಂಬಿ ಮುಚ್ಚಿದ್ರ ಆಯ್ತಲ್ಲಪ್ಪ! ನಾಕೂ ಕಡೆ ಗಟ್ಟಿ ಅದ!"

"ಒಂದು ಕಂಡದ. ಕಾಣದ್ದು ಎಷ್ಟವ, ಯಾಂವ ಬಲ್ಲ?"

"ಭೂಮಿ ಪೂರಾ ಅಗದು ನೋಡ್ತೀಯೇನ ಮತ್ತ? ಹುಚ್ಚ ಹಿಡದದ ನಿನಗ. ಮಂದಿ ಮನಿ ಕಟ್ಟಿ ಮೊಮ್ಮಕ್ಕಳನ್ನ ಆಡಸಾಕತ್ತಾರ, ನಾವು ತೆಗ್ಗ ಎಣಸಾಕತ್ತೀವಿ!"

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನೂ ನಿಮ್ಮ ಪರ ಮಾತಾಡಲಿಲ್ಲ, ಯಾಕೆ ಮಾತಾಡಲಿ? ನನ್ನ ಹೊಟ್ಟೆಯೂ ಉರಿಯುತ್ತಿತ್ತು. ತಾಟನ್ನು ನಿಮ್ಮ ಮುಂದೆ ಸ್ವಲ್ಪ ಸಪ್ಪಳವಾಗುವಂತೆಯೇ ಇಟ್ಟೆ.

ಮರುದಿನ ಬೆಳಿಗ್ಗೆ ನಾನು ಬೀಸುತ್ತಾ ಕೂತಿದ್ದೆ, ಅದೇ ಪಡಸಾಲೆಯ ನಡುವೆ. ನೀವು ಅಂಗಡಿಗೆ ಹೊರಟವರು ಬಾಗಿಲಲ್ಲಿ ನಿಂತಿರಿ. ನನ್ನ ಕಡೆ ನೋಡಲಿಲ್ಲ. ಕಲ್ಲಿನ ಕಡೆ ನೋಡುತ್ತಾ ಹೇಳಿದಿರಿ.

"ನಿಮ್ಮತ್ತಿ ಇದೇ ಕಲ್ಲಿಗಿ ಕೂತಿದ್ಲು. ಗ್ವಾಡಿಗಿ ಬೆನ್ನ ಕೊಟ್ಟು. ಮಳಿ ಜಡಿ ಹಿಡಿದಿತ್ತು. ನಾ ಕೊಟ್ಟಿಗ್ಯಾಗ ಎತ್ತಿಗಿ ಮೇವ ಹಾಕಾಕತ್ತಿದ್ದೆ. ಮಳಿ ಸಪ್ಪಳದಾಗ ಬೀಸೋ ಸಪ್ಪಳ ಕೇಳಸ್ತಿತ್ತು. ಆಮ್ಯಾಲ ನಿಂತ್ತು. ಜ್ವಾಳ ಮುಗೀತು ಅಂತ ತಿಳದೆ, ನೀಲವ್ವ. ನಾ ಮೇವ ಹಾಕ್ಕೋಂತ ಅಲ್ಲೇ ನಿಂತೆ..."

ಅಷ್ಟು ಹೇಳಿ ಕೊಡೆ ತೆಗೆದುಕೊಂಡು ಹೋದಿರಿ. ಬಿಸಿಲಲ್ಲಿ ಕೊಡೆ ಬಿಚ್ಚದೆಯೇ ನಡೆದಿರಿ. ನನ್ನ ಕೈ ಗೂಟದ ಮೇಲೆ ಹಾಗೇ ಉಳಿಯಿತು. ನಾನು ಅಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವತ್ತಿನಿಂದ ಆ ಕಲ್ಲಿಗೆ ಎಷ್ಟು ಸಲ ಎಡವಿದರೂ ಬೈದುಕೊಳ್ಳಲಿಲ್ಲ. ಮನೆಯ ಮಾತನ್ನೂ ನಾನಾಗಿ ಎತ್ತಲಿಲ್ಲ.

ಆದರೆ ದಣಿದೆ, ಮಾವನವರೆ. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅನ್ನುತ್ತಾರೆ. ನಮ್ಮ ಪಾಲಿಗೆ ನೆಲ ನೋಡುವುದರಲ್ಲೇ ಮಗಳ ಮದುವೆ ಬಂತು. ಗುರಮ್ಮನ ಅಂಗಳದಲ್ಲೇ, ಅವಳ ಅಪ್ಪಣೆ ಕೇಳಿ ಹಂದರ ಹಾಕಿಸಿದೆವು. ಹಂದರದ ಗಳ ಎಲ್ಲಿ ನೆಡಬೇಕು ಅನ್ನುವುದನ್ನೂ ಅವಳೇ ತೋರಿಸಿದಳು. ಹುಮನಾಬಾದಿನ ಆ ಜಾಗವನ್ನು ಬೇರೆಯವರು ಕೊಂಡು, ಹಗೇವಿಗೆ ಕಲ್ಲು ತುಂಬಿಸಿ ಮನೆ ಕಟ್ಟಿದರು. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಾಣುತ್ತದೆ. ಹಸಿರು ಬಾಗಿಲು, ಮುಂದೆ ಮಲ್ಲಿಗೆ ಬಳ್ಳಿ. ಇನ್ನೂ ನೆಟ್ಟಗೆ ನಿಂತಿದೆ. ಪ್ರತಿ ಸಲವೂ ನಿಮ್ಮ ಮಗ ಆ ತಿರುವು ಬರುವಷ್ಟರಲ್ಲಿ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಮಾಡುತ್ತಾರೆ. ನಾನು ಮಾತ್ರ ನೋಡುತ್ತೇನೆ.

ಕಡೆಕಡೆಗೆ ನಿಮಗೆ ಗುಂಡಿಗೆ ಇಳಿಯಲು ಆಗುತ್ತಿರಲಿಲ್ಲ. ತಿಪ್ಪಣ್ಣ ಒಳಗೆ ನಿಂತು ಹಾರೆ ಕುಟ್ಟುತ್ತಿದ್ದ, ನೀವು ದಂಡೆಯಲ್ಲಿ ಕೋಲು ಊರಿ ಕೂತು ಕಿವಿ ಕೊಡುತ್ತಿದ್ದಿರಿ. ಕಿವಿಯೂ ಮಂದವಾಗಿತ್ತು. "ಏನಂತದೋ ತಿಪ್ಪಣ್ಣ?" ಅಂತ ನೀವು ಕೂಗುವುದು, "ಇನ್ನಾ ಏನೂ ಅನ್ನವಲ್ದು ಸಾವಕಾರ್ರ," ಅಂತ ಅವನು ಕೂಗುವುದು. ನಾನು ರೊಟ್ಟಿ ಗಂಟು ತಂದು ಪಕ್ಕದಲ್ಲಿ ಕೂಡುತ್ತಿದ್ದೆ. ಸಿಟ್ಟು ಮಾಡಿಕೊಳ್ಳಲೂ ಒಂದು ತ್ರಾಣ ಬೇಕಲ್ಲ? ಅದೂ ಇರಲಿಲ್ಲ. ಒಂದು ದಿನ ನೀವೇ ಕೇಳಿದಿರಿ, "ನೀಲವ್ವ, ನನ್ನಿಂದ ನಿನಗ ಭಾಳ ತ್ರಾಸ ಆತೇನ?" ಅಂತ. ನಾನು, "ರೊಟ್ಟಿ ಆರ್ತಾವ, ಉಣ್ರಿ," ಅಂದೆ.

ಯುಗಾದಿ ಕಳೆದು ನೀವು ಹಾಸಿಗೆ ಹಿಡಿದಾಗ ಮಗನನ್ನು ಕರೆದು ಹೇಳಿದ್ದು ಒಂದೇ ಮಾತು. "ನನ್ನ ಹೊಲದಾಗ ಇಡ್ರಿ. ಬೇವಿನ ಗಿಡದ ಬಲ್ಲಿ. ಅಲ್ಲಿ ಹ್ಯಾಂಗೂ ಬೆಳಿ ಬರಂಗಿಲ್ಲ, ಜಾಗಾ ಹಾಳಾಗಂಗಿಲ್ಲ." ಅತ್ತೆಯನ್ನು ಅಲ್ಲಿ ಇಡಲಾಗಿರಲಿಲ್ಲವಂತೆ. ಮಳೆಗೆ ಹೊಲವೆಲ್ಲ ಕೆಸರಾಗಿ ಬಂಡಿ ಹೋಗಲಾರದೆ ಊರ ಮಗ್ಗುಲಿನ ರುದ್ರಭೂಮಿಯಲ್ಲೇ ಮಣ್ಣು ಕೊಟ್ಟಿದ್ದಿರಿ. ಅದಕ್ಕೇ ಆ ಮೂಲೆಯ ನೆಲವನ್ನು ಯಾರೂ, ಎಂದೂ, ನೇಗಿಲ ಗೆರೆಗಿಂತ ಆಳಕ್ಕೆ ಕೆದರಿರಲಿಲ್ಲ.

ನಿಮ್ಮ ಮಣ್ಣಿಗೆ ಹೆಣ್ಣುಮಕ್ಕಳೂ ಬಂದಿದ್ದೆವು. ಭಜನೆಯವರು ಮುಂದೆ, ಹೆಗಲ ಮೇಲಿನ ಹೂವಿನ ವಿಮಾನದಲ್ಲಿ ನೀವು ಕೂತುಕೊಂಡು, ಹಿಂದೆ ನಾವು. ದಿನ್ನೆ ಏರುವಾಗ ನಾನು ತಲೆ ಎತ್ತಿದೆ. ಗಿಡದ ಕೆಳಗೆ ಮಣ್ಣಿನ ಗುಡ್ಡೆ ಕಾಣಿಸಿತು. ಬುಡದಲ್ಲಿ ಕರಿ. ಮೇಲೆಲ್ಲ ಕೆಂಪು. ನನ್ನ ಕಣ್ಣಿಗೆ ಬಿಸಿಲು ಹೊಡೆದಿದೆ ಅಂದುಕೊಂಡೆ. ಹತ್ತಿರ ಹೋದರೂ ಕೆಂಪೇ. ಹರಳು ಹರಳು. ನೀವು ಜೋಳಿಗೆಯಲ್ಲಿ ಕಟ್ಟಿಕೊಂಡು ಬಂದು ಹೊಸ್ತಿಲಲ್ಲಿ ಬಿಚ್ಚಿ ತೋರಿಸಿದ್ದಿರಲ್ಲ, ಅದೇ ಮಣ್ಣು.

ತಿಪ್ಪಣ್ಣ ಆಚೆ ಹಾರೆಗೆ ಆತು ನಿಂತಿದ್ದ. ಸಮಾಧಿ ತೋಡಿದ್ದು ಅವನೇ, ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ನನ್ನನ್ನು ನೋಡಿ ಈ ಸಲ ನಗದೆಯೇ ಅಂದ.

"ಅವ್ವಾರ... ನಡಮಟ್ಟಕ್ಕೇ ಮುರುಮ ಹತ್ತ್ಯಾದ್ರಿ. ಹಾರಿ ಹಾಕಿದ್ರ ಝಂ ಅಂತು. ಈಗ ನಾ ಸಾವಕಾರ್ರಿಗಿ ಹ್ಯಾಂಗ ಹೇಳ್ಲ್ರಿ?"

ನನಗೆ ದುಃಖ ಬರಲಿಲ್ಲ ಮಾವನವರೆ, ಸಿಟ್ಟು ಬಂತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರಲ್ಲ, ನಮ್ಮ ಬಾಳೇ ಹಾಗಾಯಿತಲ್ಲ! ಜೋಳ ಸೊರಗಿದ್ದು ಬೇವಿನ ನೆರಳಿಗಲ್ಲ. ಕೆಳಗೆ ಮುರುಮ ಇತ್ತು, ಅದಕ್ಕೆ. ಮೀಸೆ ಬೋಳಿಸಿಕೊಳ್ಳುತ್ತೀನಿ ಅಂದಿದ್ದಿರಿ, ಒಂದು ಹರಳಲ್ಲ, ದಿನ್ನೆಯ ತುಂಬ ಹರಳು. ಐನೋರು ಮಂತ್ರ ಹೇಳುತ್ತಿದ್ದರು. ನಿಮ್ಮನ್ನು ಒಳಗೆ ಇಳಿಸಿ ಕೂಡಿಸಿದರು, ಅಂಗೈಯಲ್ಲಿ ಲಿಂಗ ಇಟ್ಟರು, ವಿಭೂತಿ, ಪತ್ರಿ ಏರಿಸಿದರು. ಎಷ್ಟೋ ಗುಂಡಿಗಳಲ್ಲಿ ನೀವು ಹಾಗೆಯೇ ಕೂತದ್ದನ್ನು ನಾನು ಮೇಲಿನಿಂದ ನೋಡಿದ್ದೆ. ಈಗ ಹಿಮ್ಮಡಿಯಿಂದ ಗುದ್ದುತ್ತಾರೆ, ಕಿವಿ ಕೊಡುತ್ತಾರೆ, ತಲೆ ಎತ್ತಿ ಏನಾದರೂ ಹೇಳುತ್ತಾರೆ ಅಂತ ಕಾದೆ. ಹಿಡಿ ಮಣ್ಣು ಹಾಕುವ ನನ್ನ ಸರದಿ ಬಂತು. ಮುಷ್ಟಿಯಲ್ಲಿ ಹರಳು ಚುಚ್ಚುತ್ತಿದ್ದವು. ಸಿಕ್ಕಿತಲ್ರಿ ಮಾವಾರ, ಅಂತ ಕೂಗಬೇಕು ಅನಿಸಿತು. ಮಣ್ಣು ಹಾಕಿ, ಪಕ್ಕಕ್ಕೆ ಸರಿದೆ.

ಆಮೇಲಿನದು ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮಿಂದ ಸ್ವಲ್ಪ ಆಚೆ, ಬಂಡಿ ದಾರಿಯ ಕಡೆಗೆ, ತಿಪ್ಪಣ್ಣ ಮೂಲೆಗೊಂದು ಗುಂಡಿ ತೋಡಿದ. ನಡುವೆಯೂ ಒಂದು, ನಾನೇ ಹೇಳಿ ತೋಡಿಸಿದೆ. ಎಲ್ಲದರಲ್ಲೂ ಮುರುಮ. ನಿಮ್ಮ ಮಗ ಅವತ್ತೇ ಕಲ್ಲು ತರಿಸಲು ಹೊರಟರು. ನಾನು ತಡೆದೆ.

"ಒಂದು ಮಳಿಗಾಲ ನೋಡೋಣ್ರಿ. ಮಳಿಗಾಲ ನೋಡದ ನೆಲ ನಂಬಬಾರ್ದು."

ಅವರು ನನ್ನ ಮುಖವನ್ನೇ ನೋಡಿದರು. "ನಿನಗೂ ಅಪ್ಪನ ಗಾಳಿ ಬಡದದೇನ?" ಅಂದರು. ಆಮೇಲೆ ಅಂಗಿಯ ತೋಳಿಗೆ ಕಣ್ಣು ಒರೆಸಿಕೊಂಡು ಕಾದರು. ಇಷ್ಟು ವರ್ಷ ಕಾದವರಿಗೆ ಇನ್ನೊಂದು ಮಳೆಗಾಲ ಯಾವ ಲೆಕ್ಕ?

ಮಳೆ ಹಿಂದೆ ಸರಿದ ಮೇಲೆ ಮೊನ್ನೆ ಹೋಗಿದ್ದೆವು. ಗುಂಡಿಯ ಅಂಚುಗಳು ಎಲ್ಲೂ ಕುಸಿದಿರಲಿಲ್ಲ. ಸೆರಗು ಸಿಕ್ಕಿಸಿ ನಾನೇ ಇಳಿದೆ. ತಿಪ್ಪಣ್ಣ ಬೇಡ ಬೇಡ ಅಂತ ಕೈ ಹಿಡಿದ, ಕೇಳಲಿಲ್ಲ. ನಿಮ್ಮ ಹಾಗೆಯೇ ಹಿಮ್ಮಡಿಯಿಂದ ಗುದ್ದಿದೆ. ಹಿಮ್ಮಡಿ ನೊಂದಿತು, ನೆಲ ಜಗ್ಗಲಿಲ್ಲ. ನಮ್ಮದೇ ಹೊಲದ ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು, ಯಾರ ಅಪ್ಪಣೆಯೂ ಇಲ್ಲದೆ ಸುರಿದೆ. ಒಂದು ಎಲೆಯಡಿಕೆ ಜಗಿಯುವುದರೊಳಗೆ ನೀರು ಇಂಗಿತು. ಇವತ್ತು ಸೊಂಟ ಬಗ್ಗದಿರುವುದು ಆ ಇಳಿದು ಹತ್ತಿದ್ದಕ್ಕೇ.

ಬುನಾದಿಯ ಕಲ್ಲುಗಳು ಬಂದು ಬಿದ್ದಿವೆ. ಬಿತ್ತುವ ಭೂಮಿ ಅಂತ ನೊಂದುಕೊಳ್ಳಬೇಡಿ. ಅಲ್ಲಿ ಬೆಳೆದದ್ದಾದರೂ ಏನಿತ್ತು? ಗುರಮ್ಮನಿಗೆ ಮನೆ ಬಿಡುತ್ತೇವೆ ಅಂತ ಹೇಳಿದೆ. ಮುದುಕಿ ಅತ್ತುಬಿಟ್ಟಳು. ಬೀಸುವ ಕಲ್ಲನ್ನು ಬಂಡಿಯಲ್ಲಿ ಹಾಕಿಸಿ ತರುತ್ತೇನೆ. ಗಿರಣಿ ಬಂದಿರುವಾಗ ಬೀಸುವವರು ಯಾರು ಅನ್ನುತ್ತಾರೆ ನಿಮ್ಮ ಮಗ. ಅನ್ನಲಿ. ಪಡಸಾಲೆಯ ನಡುವೆ ಮಾತ್ರ ಇಡುವುದಿಲ್ಲ, ಗೋಡೆಗೆ ಆನಿಸಿಯೇ ಇಡುತ್ತೇನೆ. ಮನೆ ಹೊಕ್ಕ ದಿನ ನಾನೇ ಕೂತು ಒಂದಿಷ್ಟು ಜೋಳ ಬೀಸುತ್ತೇನೆ. ಬೇವಿನ ಗಿಡ ಅಲ್ಲೇ ಇದೆ, ನಿಮಗೆ ಸಪ್ಪಳ ಕೇಳಿಸುತ್ತದೆ.

ನಡುವೆ ಸಪ್ಪಳ ನಿಂತರೆ ಗಾಬರಿಯಾಗಬೇಡಿ, ಮಾವನವರೆ. ಜೋಳ ಮುಗಿದಿರುತ್ತದೆ. ಇಲ್ಲವಾದರೆ ನಾನು ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ದಣಿವಾರಿಸಿಕೊಳ್ಳುತ್ತಿರುತ್ತೇನೆ.

ನಿಮ್ಮ ಸೊಸೆ,
ನೀಲಮ್ಮ